ನಗುತ್ತಾ ಮುಟ್ಟಿದ ನೀರು

ಕೆಂಡಸಿದ್ದನ ಬೆಟ್ಟದ ದೊಣೆಯ ಹೂಳು ತೆಗೆದ ಕೂಲಿ ಚಿಕ್ಕಹನುಮಕ್ಕನಿಗೆ ಇನ್ನೂ ಬಂದಿಲ್ಲ. ಬೇಸಿಗೆಯಲ್ಲಿ ಮಾಡಿದ ಕೆಲಸ. ಈಗ ಆಷಾಢ ಮುಗಿಯುತ್ತ ಬಂತು. ಕೇಳಿದರೆ ಶ್ರಾವಣದಲ್ಲಿ ಹುಂಡಿ ತೆಗೆದ ಮೇಲೆ ಅನ್ನುತ್ತಿದ್ದರು. ಈಗ ಕೇಳುವ ಹಾಗೂ ಇಲ್ಲ.

ದೊಣೆ ಅಂದರೆ ಬಂಡೆಯೊಳಗಿನ ನೀರಿನ ಗುಂಡಿ. ಕೊರಟಗೆರೆ, ಮಧುಗಿರಿ ಕಡೆಯ ಬೆಟ್ಟ ಹತ್ತಿದವರಿಗೆ ಹೇಳಬೇಕಿಲ್ಲ. ಕೆಂಡಸಿದ್ದನ ಗವಿಯ ಬಾಯಲ್ಲೇ ಇರುವ ಈ ದೊಣೆಯ ನೀರೇ ಅಲ್ಲಿನ ತೀರ್ಥ. ಹೊಳವನಹಳ್ಳಿಯಲ್ಲಿ ಬಸ್ಸಿಳಿದು ಆಟೋ ಹಿಡಿದು ಬರುವ ಜನ ಬಾಟಲಿ ತುಂಬಿಸಿಕೊಂಡು ಹೋಗುತ್ತಾರೆ. ಕಜ್ಜಿಗೂ ಅದೇ, ಮಕ್ಕಳಾಗದ್ದಕ್ಕೂ ಅದೇ, ಕೋರ್ಟು ಕೇಸಿಗೂ ಅದೇ. ಬೇಸಿಗೆಯಲ್ಲಿ ದೊಣೆ ಬತ್ತುತ್ತದೆ. ತಳದಲ್ಲಿ ಉಳಿಯುವುದು ಕೆಸರು, ತೆಂಗಿನ ಚಿಪ್ಪು, ಸತ್ತ ಓತಿಕ್ಯಾತ, ಭಕ್ತರು ಎಸೆದ ಪ್ಲಾಸ್ಟಿಕ್ಕು. ಹಗ್ಗ ಹಿಡಿದು ಇಳಿದು ಅದನ್ನು ಮೇಲೆತ್ತುವುದು ಬೆಟ್ಟದ ಬುಡದ ಕೇರಿಯ ಒಂದು ಮನೆಯ ಪಾಲಿನ ಕೆಲಸ. ಮೊದಲು ಓಬಳಯ್ಯ ಇಳಿಯುತ್ತಿದ್ದ. ಒಂದು ವರ್ಷ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದ. ಅಂದಿನಿಂದ ಹಗ್ಗ ಅವನ ಹೆಂಡತಿ ಚಿಕ್ಕಹನುಮಕ್ಕನ ಕೈಗೆ ಬಂತು.

ಕಟ್ಟಳೆ ಹೀಗಿದೆ. ಬತ್ತಿದ ದೊಣೆಯೊಳಗೆ ಅವಳು ಇಳಿಯಬಹುದು, ಕೂರಬಹುದು, ಉಗಿದರೂ ಕೇಳುವವರಿಲ್ಲ. ಮೊದಲ ಮಳೆಯ ಹನಿ ಬಿದ್ದ ಗಳಿಗೆಯಿಂದ ಅವಳ ನೆರಳೂ ಅಂಚಿಗೆ ತಾಕುವಂತಿಲ್ಲ. ಅವಳು ಇದನ್ನೇ ಚಿಕ್ಕದು ಮಾಡಿ ಹೇಳುತ್ತಾಳೆ: "ಕೆಸ್ರಾಗಿದ್ದಾಗ ನಮ್ದು ಕಣಣ್ಣ, ನೀರಾದ್ಮೇಲೆ ಅವ್ರುದು."

ನಮ್ಮ ಸಂಘಟನೆಯ ಹೋರಾಟದ ಜಾಥಾಕ್ಕೆ ಬಂದವಳಲ್ಲ. ಕರೆಯಲು ಹೋದಾಗ "ಊಟ ಆಕ್ತೀರಾ?" ಎಂದು ಕೇಳಿ, ನಾವು ಇಲ್ಲ ಅಂದದ್ದಕ್ಕೆ ಕುಡುಗೋಲು ಎತ್ತಿಕೊಂಡು ಕಳೆಗೆ ಹೋದವಳು. ಮಗಳು ಅನುಷಾ ತುಮಕೂರಿನಲ್ಲಿ ಓದುವಾಗ ಬುದ್ಧನ ಪಟ ತಂದು ಗೋಡೆಗೆ ಹಾಕಿದಳು. ತಾಯಿ ಅದರ ಕೆಳಗೇ ಕೆಂಡಸಿದ್ದನ ವಿಭೂತಿ ಗಟ್ಟಿಯನ್ನೂ ಇಟ್ಟಳು. "ಇಬ್ರೂ ಇರ್ಲಿ ಬುಡು. ಒಬ್ರು ಮಲ್ಗಿದ್ರೆ ಇನ್ನೊಬ್ರು ಎದ್ದಿರ್ತಾರೆ."

ಜೂನಿನಲ್ಲಿ ರಕ್ಷಾ ಬಂದಳು. ಮೈಸೂರಿನ ಹುಡುಗಿ, ಬೆನ್ನಿಗೆ ತಲೆಗಿಂತ ಎತ್ತರದ ಚೀಲ ಏರಿಸಿಕೊಂಡು ಒಬ್ಬಳೇ ಊರೂರು ಸುತ್ತುವವಳು. ಪಾವಗಡ ನೋಡಿ, ಮಧುಗಿರಿ ಕೋಟೆ ಹತ್ತಿ, ಯಾರೋ ಹೇಳಿದರೆಂದು ಇಲ್ಲಿಗೂ ಬಂದಿದ್ದಳು. ಮಳೆ ಒಂದೆರಡು ಸಲ ಹುಯ್ದು ಕೈಕೊಟ್ಟಿತ್ತು. ದೊಣೆಯಲ್ಲಿ ನೀರಿತ್ತು, ಬಂಡೆ ಮಾತ್ರ ರೊಟ್ಟಿ ಹೆಂಚಿನಂತೆ ಕಾದಿತ್ತು. ವಾರದ ನಡುವಿನ ಮಧ್ಯಾಹ್ನವಾದ್ದರಿಂದ ಪೂಜಾರಿ ಗವಿಗೆ ಬೀಗ ಹಾಕಿ ಕೆಳಗಿಳಿದಿದ್ದ.

ಪೊರಕೆ ಹುಲ್ಲು ಕೊಯ್ಯಲು ಹತ್ತಿದ್ದ ಚಿಕ್ಕಹನುಮಕ್ಕನಿಗೆ ಕಂಡದ್ದು ಚೀಲದ ಮೇಲೆ ಅಡ್ಡ ಬಿದ್ದಿದ್ದ ಹುಡುಗಿ. ಕಣ್ಣಾಲಿ ಮೇಲಕ್ಕೆ ಸಿಕ್ಕಿಕೊಂಡಿತ್ತು. ಬೆವರು ನಿಂತು ಮೈ ಸುಡುತ್ತಿತ್ತು. ಬಾಟಲಿ ಖಾಲಿ.

"ಕೂಗ್ದೆ ಕಣಣ್ಣ. ಯಾರ್ ಬತ್ತಾರೆ? ದೇವ್ರು ಒಳ್ಗವ್ನೆ, ಬೀಗ ಐತೆ," ಎಂದು ಆಮೇಲೆ ನನಗೆ ಹೇಳಿದಳು.

ಸೆರಗನ್ನು ದೊಣೆಗೆ ಅದ್ದಿ ಹುಡುಗಿಯ ನೆತ್ತಿಗೆ ಹಿಂಡಿದಳು. ಮತ್ತೆ ಅದ್ದಿ ಎದೆಗೆ, ಕತ್ತಿಗೆ ಹಾಕಿದಳು. ಕಣ್ಣು ಬಿಟ್ಟ ಮೇಲೆ ಬೊಗಸೆಯಲ್ಲಿ ಮೊಗೆದು ಗುಟುಕು ಗುಟುಕಾಗಿ ಕುಡಿಸಿದಳು.

"ಆಂಟಿ, ನೀವಿಲ್ದಿದ್ರೆ ಸತ್ತೇ ಹೋಗ್ತಿದ್ದೆ."

"ಸಾಯೋದಾದ್ರೆ ಕೆಳ್ಗೋಗಿ ಸಾಯಮ್ಮ. ಇಲ್ಲಿಂದ ನಿನ್ನ ಹೊತ್ಕಂಡ್ ಇಳ್ಯೋಳೂ ನಾನೇಯ. ಆ ಮೂಟೆ ಬೇರೆ. ಅದ್ರಾಗೇನ್ ತುಂಬ್ಕಂಡಿದ್ದೀಯ, ಗಂಡನ್ನಾ?"

ಹುಡುಗಿ ನಕ್ಕಳು. ನೆರಳಿನಲ್ಲಿ ಕೂತು ಸುಧಾರಿಸಿಕೊಂಡ ಮೇಲೆ ಫೋನು ತೆಗೆದು ಕಲ್ಲಿಗೆ ಒರಗಿಸಿದಳು.

"ಆಂಟಿ, ಇನ್ನೊಂದ್ಸಲ ಹಾಗೇ ನೀರು ಕುಡಿಸಿ. ನಿಮ್ಮನ್ನ ಎಲ್ರಿಗೂ ತೋರಿಸ್ಬೇಕು."

"ಈಗ್ಯಾಕೆ? ಬದ್ಕಿದ್ದೀಯಲ್ಲ."

"ಪ್ಲೀಸ್ ಆಂಟಿ."

ಚಿಕ್ಕಹನುಮಕ್ಕ ಅತ್ತಿತ್ತ ನೋಡಿದಳು. ಯಾರೂ ಇರಲಿಲ್ಲ. ಕೈ ಹೇಗೂ ನೆಂದಿತ್ತು. ಬೊಗಸೆ ತುಂಬಿ ಹುಡುಗಿಗೆ ಕುಡಿಸಿ, ಉಳಿದದ್ದನ್ನು ತಾನೇ ಬಾಯಿಗೆ ಬಿಟ್ಟುಕೊಂಡಳು. ಅಷ್ಟು ವರ್ಷ ಅದರ ಹೂಳು ಹೊತ್ತವಳಿಗೆ ಆ ನೀರಿನ ರುಚಿ ಗೊತ್ತಾದದ್ದು ಅವತ್ತೇ. "ಅಯ್ಯ, ಇದ್ಕಾ ಇಷ್ಟೊಂದು! ನಮ್ಮ ಬೋರ್ ನೀರಿನಂಗೇ ಐತೆ," ಎಂದು ಹಲ್ಲು ಬಿಟ್ಟು ನಕ್ಕಳು.

ಆ ನಗುವೂ ಫೋನಿನೊಳಗೆ ಹೋಯಿತು. ರಕ್ಷಾ ಸಿರಾ ಬಸ್ಸು ಹತ್ತುವ ಮೊದಲೇ ಅದನ್ನು ಹಾಕಿದಳು. ಬೆಟ್ಟದ ಹೆಸರು, ಚಿಕ್ಕಹನುಮಕ್ಕನ ಹೆಸರು, ಈಕೆ ಇಲ್ಲದಿದ್ದರೆ ನಾನಿಲ್ಲ ಎಂಬ ಮಾತು, ಎಲ್ಲವೂ ಅದರಲ್ಲಿತ್ತು. ಸಾವಿರಾರು ಜನ ಕೆಂಪು ಹೃದಯ ಒತ್ತಿದರು.

ಊರಿನಲ್ಲಿ ಮೊದಮೊದಲು ಯಾರೂ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಹಾ ಅಂಗಡಿಯಲ್ಲಿ ಹಾಲು ಉಕ್ಕುತ್ತಿದ್ದರೂ "ಹಾಲಿಲ್ಲ" ಅಂದರು. ಅವಳು ಬಂದರೆ ಕಟ್ಟೆಯ ಮೇಲಿನ ಮಾತು ನಿಲ್ಲುತ್ತಿತ್ತು. ಹುಡುಗರು ಬೈಕು ನಿಲ್ಲಿಸಿ, ಒಮ್ಮೆ ಫೋನು ನೋಡಿ ಒಮ್ಮೆ ಅವಳ ಮುಖ ನೋಡಿ, ಹೋಗುತ್ತಿದ್ದರು. ಆಮೇಲೆ ಕೇರಿಯ ನಲ್ಲಿ ಒಣಗಿತು. ಬೋರ್ ನೀರಿನ ವಾಲ್ವು ಇರುವುದು ದೇವಸ್ಥಾನದ ಅಂಗಳದಲ್ಲಿ. ಕೆಟ್ಟಿದೆ ಅಂದರು.

ಅದಾದ ಮೇಲೆ ದೇವಸ್ಥಾನ ಸಮಿತಿಯ ಅಧ್ಯಕ್ಷ ಮಹಾಲಿಂಗಯ್ಯ ತಾನಾಗಿ ಕೇರಿಯ ಬಾಯಿಗೆ ಬಂದು ಮೋರಿಕಟ್ಟೆಯ ಮೇಲೆ ಕೂತ. ಓಟು ಕೇಳಲೂ ಅಲ್ಲಿಗೆ ಬಂದ ಮನುಷ್ಯನಲ್ಲ. ದನಿ ಎತ್ತರಿಸಲಿಲ್ಲ.

"ಜೀವ ಹೋಗೋವಾಗ ಮುಟ್ಟಿದ್ರೆ ಕೆಂಡಸಿದ್ದಪ್ಪ ಬೇಜಾರು ಮಾಡ್ಕೊಳಲ್ಲ, ನಾನೂ ಮಾಡ್ಕೊಳಲ್ಲ. ಆದ್ರೆ ನಗ್ತಾ ಮುಟ್ಟಿದ್ದೀಯಲ್ಲಮ್ಮ?"

"ಅಳ್ತಾ ಮುಟ್ಟಿದ್ರೆ ನೀರು ಉಪ್ಪಾಗ್ತಿರ್ಲಿಲ್ವಾ ಸ್ವಾಮಿ?"

ಮಹಾಲಿಂಗಯ್ಯ ನಗಲಿಲ್ಲ. "ಹುಡುಗ್ರು ಕುದೀತಾ ಇದ್ದಾರೆ. ತಡ್ಕೊಂಡಿದ್ದೀನಿ. ಎಷ್ಟು ದಿನ ಅಂತ ತಡೀಲಿ, ನನಗೂ ವಯಸ್ಸಾಯ್ತು. ಶ್ರಾವಣದ ಮೊದಲನೇ ಸೋಮವಾರ ಗವಿ ಮುಂದೆ ಬಂದು ಒಂದೇ ಮಾತು ಹೇಳು. ನಾನು ದೊಣೆ ಮುಟ್ಟಿಲ್ಲ, ವಿಡಿಯೋ ಸುಳ್ಳು ಅಂತ. ಈಗ ಅದೇನೋ ಎಐ ಅಂತಾರಲ್ಲ, ಯಾರ ಕೈ ಬೇಕಾದ್ರೂ ಎಲ್ಲಿಗೆ ಬೇಕಾದ್ರೂ ಅಂಟಿಸ್ತಾರಂತೆ. ಅಲ್ಲಿಗೆ ಮುಗೀತು. ನಲ್ಲೀಲಿ ನೀರೂ ಬರುತ್ತೆ, ನಿನ್ನ ಕೂಲೀನೂ ಬರುತ್ತೆ."

"ಅಂಗಾರೆ ಆ ಹುಡ್ಗೀನ ಬದುಕ್ಸಿದ್ದೂ ಸುಳ್ಳಾ?"

"ಅದನ್ನ ಯಾರು ಕೇಳಿದ್ರು?"

ಅನುಷಾ ರಕ್ಷಾಳನ್ನು ಹುಡುಕಿ ಸುದ್ದಿ ಮುಟ್ಟಿಸಿದಳು. ನಡೆದದ್ದನ್ನು ಬಂದು ಹೇಳು, ಸಾಕು, ಅಂದಳು. ಹುಡುಗಿ ಅಳುತ್ತಲೇ ವಾಯ್ಸ್ ಮೆಸೇಜ್ ಕಳಿಸಿದಳು: "ಸಾರಿ ಅಕ್ಕ, ನಂಗೆ ಗೊತ್ತಿರ್ಲಿಲ್ಲ. ಎಲ್ಲ ಡಿಲೀಟ್ ಮಾಡ್ಬಿಟ್ಟೆ." ಹಾಗೆ ಅಳಿಸಿದಾಗ ಹೋದದ್ದು ಸಾಯುತ್ತಿದ್ದೆ ಎಂಬ ಅವಳ ಮಾತು. ಊರಿನ ಫೋನುಗಳಲ್ಲಿ ಕತ್ತರಿಸಿ ಉಳಿಸಿಕೊಂಡ ತುಣುಕು ಹಾಗೇ ಇತ್ತು. ಅದರಲ್ಲಿರುವುದು ಒಂದು ಕೈ, ನೀರು, ನಗು, ಅಷ್ಟೇ. ಈಗ ರಕ್ಷಾ ಫೋನು ಎತ್ತುವುದಿಲ್ಲ. ಒಳ್ಳೆಯ ಹುಡುಗಿಯೇ. ಆದರೆ ಒಳ್ಳೆಯತನಕ್ಕೂ ಬೆನ್ನಿಗೆ ಚೀಲ ಇದ್ದರೆ ಮುಂದಿನ ಊರು ಸಿಗುತ್ತದೆ.

ಚಿಕ್ಕಹನುಮಕ್ಕನಿಗೆ ಮುಂದಿನ ಊರಿಲ್ಲ. ಕೇರಿ ನಿಂತಿರುವುದೇ ದೇವಸ್ಥಾನದ ಜಾಗದಲ್ಲಿ. ಮೊದಲ ವಾರ ಹೆಂಗಸರು ಮಹಾಲಿಂಗಯ್ಯನಿಗೆ ಶಾಪ ಹಾಕಿದರು. ದೂರದ ತೋಟದಿಂದ ಕೊಡ ಹೊತ್ತು ಹೊತ್ತು ಕತ್ತು ನೊಂದ ಮೇಲೆ ಶಾಪ ದಿಕ್ಕು ತಿರುಗಿಸಿತು. "ನಿನ್ನ ಹಲ್ ಕಿಸ್ಯೋ ಚಟಕ್ಕೆ ನಮ್ ಮಕ್ಳು ಬಾಯಾರ್ಬೇಕಾ?" ಮಂಚದ ಮೇಲಿಂದ ಓಬಳಯ್ಯ ಗೋಗರೆದ: "ಒಂದ್ಮಾತು ಅಂದ್ಬುಡೇ. ಬಾಯೇನ್ ಸವೀತದಾ?"

"ಸೊಂಟ ಅವ್ರಿಗೆ ಕೊಟ್ಟೆ, ಬಾಯ್ನೂ ಕೊಟ್ಬುಡು," ಅಂದಳು. ಓಬಳಯ್ಯ ಗೋಡೆಯ ಕಡೆ ತಿರುಗಿ ಮಲಗಿದ.

ನಮ್ಮ ಸಂಘಟನೆಯವರು ಠಾಣೆಗೆ ಹೋಗೋಣ, ಕಾನೂನಿದೆ, ಅಂದೆವು. ಕಾನೂನು ಇದೆ, ನಿಜ. ಅದನ್ನು ತರಲು ನಾವು ತಿಂದ ಲಾಠಿ ಏಟು ಇನ್ನೂ ಚಳಿಗಾಲದಲ್ಲಿ ನೋಯುತ್ತದೆ. ಅವಳು ಕೇಳಿದಳು: "ಕೇಸ್ ಆಕಾನ ಬುಡಣ್ಣ. ಬರ್ಕೊಟ್ಟು ನೀವು ಬಸ್ ಹತ್ತೀರಿ. ಇಲ್ಲಿ ನನ್ ಮಗ್ಲಾಗೆ ಕೇಸ್ ಬಂದು ಮಲಗ್ತದಾ?" ಆದರೂ ದೂರು ಕೊಟ್ಟಿದ್ದೇವೆ. ಠಾಣೆಯಲ್ಲಿ ನೋಡುತ್ತೇವೆ ಅಂದಿದ್ದಾರೆ.

ಮೊನ್ನೆ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಿಗೆ ಒತ್ತಿ ಒಂದು ಮಂಕರಿ ಬುಟ್ಟಿ ಇತ್ತು. ಅದರ ತುಂಬ ಹಸಿ ಹೂಳು. ಮೇಲೆ, ಅವಳು ದೊಣೆಗಿಳಿಯುವ ಹಗ್ಗ, ಗೇಣುಗೇಣಿಗೆ ಕತ್ತರಿಸಿ ಜೋಡಿಸಿಟ್ಟಿದ್ದರು. ಹೂಳಿನ ವಾಸನೆಯಿಂದಲೇ ಅದು ದೊಣೆಯ ತಳದ್ದೆಂದು ಅವಳಿಗೆ ತಿಳಿಯಿತು. ತುಂಬಿದ ದೊಣೆಯಿಂದ ಹೂಳು ತೆಗೆಯಬೇಕಾದರೆ ಒಳಗೆ ಮುಳುಗಲೇಬೇಕು. ಅವಳನ್ನು ಹೆದರಿಸಲು ಯಾರೋ ತೀರ್ಥದಲ್ಲಿ ತಲೆಯವರೆಗೂ ಮುಳುಗಿ ಎದ್ದು ಬಂದಿದ್ದರು.

"ನನ್ ಕೆಲ್ಸ ಅವ್ರೇ ಕಲ್ತವ್ರೆ," ಅಂದಳು. "ಕೂಲಿ ಯಾರ್ನ ಕೇಳ್ತಾರೋ!" ಅಂದವಳು ತಲೆಗೂದಲು ಗಂಟು ಹಾಕಲು ಹೋದಳು. ಗಂಟು ನಿಲ್ಲಲಿಲ್ಲ. ಅನುಷಾ ಹಿಂದಿನಿಂದ ಬಂದು ಕೂದಲು ಕಟ್ಟಿದಳು.

ಸೋಮವಾರ ಗವಿಗೆ ಹೋಗಿಯೇ ಹೋಗುತ್ತೇನೆ ಅನ್ನುತ್ತಾಳೆ. ಹೇಳುವುದು ಮೂರು ಮಾತು: ಮುಟ್ಟಿದೆ, ಕುಡಿದೆ, ನಕ್ಕೆ. ಆಮೇಲೆ ಅಲ್ಲೇ ಎಲ್ಲರ ಮುಂದೆ ಮತ್ತೆ ಕೈ ಅದ್ದುತ್ತಾಳಂತೆ. ಬೆಟ್ಟದ ಮೆಟ್ಟಿಲಿಗೆ ಈಗ ಹೊಸ ಕಬ್ಬಿಣದ ಗೇಟು ಬಂದಿದೆ. ಹುಡುಗರು ಪಾಳಿಯ ಮೇಲೆ ಅಲ್ಲಿ ಕೂರುತ್ತಿದ್ದಾರೆ. ಗೇಟಿನ ಪಕ್ಕ ಬಿದಿರಿನ ಗಳುಗಳ ರಾಶಿ ಬಿದ್ದಿದೆ. ಶ್ರಾವಣದ ಚಪ್ಪರಕ್ಕೆ ಅಂತ ಹೇಳುತ್ತಾರೆ.

ನಿನ್ನೆ ನನ್ನನ್ನು ಕೇಳಿದಳು: "ನೀನ್ ಬರ್ದಿದ್ದನ್ನ ಓದೋರು ಬತ್ತಾರಾ, ಇಲ್ಲ ಅವ್ರೂ ಹೃದಯ ಒತ್ತಿ ಸುಮ್ನಾಗ್ತಾರಾ?"

ಉತ್ತರ ನೀವು ಕೊಡಿ. ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಹೊಳವನಹಳ್ಳಿಯಲ್ಲಿ ಬಸ್ಸಿಳಿಯಿರಿ. ಅವಳ ಪಕ್ಕದಲ್ಲಿ ಬೆಟ್ಟ ಹತ್ತಿ. ಅವಳು ದೊಣೆಯಿಂದ ಕೈ ಎತ್ತಿದಾಗ, ಆ ಹುಡುಗರು ನೋಡುತ್ತಿರುವಾಗಲೇ, ನಿಮ್ಮ ಬೊಗಸೆ ಚಾಚಿ ಆ ನೀರನ್ನು ಕುಡಿಯಿರಿ.