ಕಂಪೌಂಡರ್ ಕೆಲಸಕ್ಕೆ ಮಾವನ ಹೆಬ್ಬೆಟ್ಟು

ಔರಾದದಲ್ಲಿ ಯಾರನ್ನು ಕೇಳಿದರೂ ನನ್ನ ನೆಗೆಣ್ಣಿ ಬಾಣಂತಿ ಜ್ವರದಿಂದ ಸತ್ತಳು ಎನ್ನುತ್ತಾರೆ. ಸುಳ್ಳು. ಎದೆಗೆ ಹಚ್ಚಬೇಕಾಗಿದ್ದ ಔಷಧಿಯನ್ನು ಕುಡಿದು ಸತ್ತಳು. ಈ ಮಾತನ್ನು ನಾನು ತಿಳಿದ ದಿನವೇ ಓಣಿಯ ತುಂಬ ಕೂಗಿ ಹೇಳಿದ್ದೆ. ವಿಧವೆಗೆ ತಲೆ ಕೆಟ್ಟಿದೆ ಎಂದು ನನ್ನನ್ನು ಒಳಗೆ ಎಳೆದುಕೊಂಡು ಹೋದರು.

ನನ್ನ ಗಂಡ ಪ್ಲೇಗಿನಲ್ಲಿ ತೀರಿಕೊಂಡ ಮೇಲೂ ನಾನು ಔರಾದದ ಅತ್ತೆಯ ಮನೆಯಲ್ಲೇ ಇದ್ದೆ. ಆಮೇಲೆ ಮೈದುನನ ಹೆಂಡತಿಯಾಗಿ ಹಲಬರ್ಗಾದಿಂದ ಬಂದವಳು ಆಕೆ. ನನಗಿಂತ ಚಿಕ್ಕವಳು. ಬಾಗಿಲಾಚೆ ಕೇಳುವಷ್ಟು ಜೋರಾಗಿ ನಗುತ್ತಿದ್ದಳು, ಬೈಸಿಕೊಳ್ಳುತ್ತಿದ್ದಳು, ಮತ್ತೆ ನಗುತ್ತಿದ್ದಳು. ಹಬ್ಬದ ದಿನ ಎಲ್ಲರೂ ನನ್ನನ್ನು ಮೂಲೆಗೆ ಸರಿಸಿದರೆ ಆಕೆ ತನ್ನ ತಾಟು ಹಿಡಿದುಕೊಂಡು ಅದೇ ಮೂಲೆಗೆ ಬಂದು ಕೂಡುತ್ತಿದ್ದಳು. "ಇಲ್ಲಿ ಗಾಳಿ ಛಲೋ ಬರ್ತದ ಅಕ್ಕಾ" ಎನ್ನುತ್ತಿದ್ದಳು. ಆ ಕೋಣೆಗೆ ಕಿಟಕಿಯೇ ಇರಲಿಲ್ಲ.

ಗಂಡು ಮಗು ಹುಟ್ಟಿತು. ಸ್ವಲ್ಪ ದಿನಕ್ಕೆ ಹಾಲು ಕಟ್ಟಿ ಎದೆ ಕಲ್ಲಿನಂತಾಯಿತು, ಜ್ವರ ಏರಿತು. ಮಾವ ಸರ್ಕಾರಿ ದವಾಖಾನೆಗೆ ಹೋಗಿ ಎರಡು ಬಾಟಲಿ ತಂದರು. ಒಂದು ಜ್ವರಕ್ಕೆ ಕುಡಿಯುವುದು, ಇನ್ನೊಂದು ಎದೆಗೆ ಹಚ್ಚುವುದು. ಎರಡೂ ಒಂದೇ ಅಳತೆಯ ಬಾಟಲಿ, ಒಂದೇ ಬಗೆಯ ಬೂಚು. ಮೇಲೆ ಅಂಟಿಸಿದ್ದ ಕಾಗದದಲ್ಲಿ ಉರ್ದು ಅಕ್ಷರ. ಯಾವುದು ಯಾವುದಕ್ಕೆ ಎಂದು ಕಂಪೌಂಡರ್ ಕಿಟಕಿಯೊಳಗಿನಿಂದ ಒಮ್ಮೆ ಹೇಳಿದ್ದನಂತೆ. ಮಾವ ಎರಡನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಬಂದರು. ಮನೆಗೆ ಬರುವಷ್ಟರಲ್ಲಿ ಯಾವುದು ಯಾವುದೋ ಅವರಿಗೇ ತಿಳಿಯದಾಯಿತು. ಹಾಗೆಂದು ಒಪ್ಪಿಕೊಳ್ಳಲು ಅವರಿಗೆ ಬಾಯಿ ಬರಲಿಲ್ಲ. "ಇದ ಕುಡಿಯೂದು" ಎಂದು ಒಂದನ್ನು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಪಾಪ, ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಹಿಯಾದೀತೆಂದು ಬೆಲ್ಲದ ಚೂರು ಹಿಡಿದುಕೊಂಡು ಕುಡಿಸಿದರು.

ಆಕೆಯ ಮುಖ ಕೆಂಡದಂತಾಯಿತು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಹತ್ತಿಕೊಂಡಿತು. ಕಣ್ಣಿನ ಕರಿಗೊಂಬೆ ಅಗಲವಾಗಿ, ಎದುರಿಗೆ ಕೂತ ನನ್ನನ್ನು ಗುರುತಿಸದೆ, ಇಲ್ಲದ ಕೋಳಿಗಳನ್ನು ಓಡಿಸತೊಡಗಿದಳು. ದೆವ್ವ ಹಿಡಿದಿದೆ ಎಂದು ಯಾರನ್ನೋ ಕರೆಸಿದರು. ಸಂಜೆಯೊಳಗೆ ಉಸಿರು ನಿಂತಿತು. ಮಗುವನ್ನು ಹಲಬರ್ಗಾದವರು ಬಂದು ಕರೆದುಕೊಂಡು ಹೋದರು.

ಮಣ್ಣು ಮಾಡಿ ಬಂದ ಮರುದಿನ ನಾನು ಎರಡೂ ಬಾಟಲಿ ಸೆರಗಿನಲ್ಲಿ ಕಟ್ಟಿಕೊಂಡು ದವಾಖಾನೆಗೆ ಹೋದೆ. ಕಂಪೌಂಡರ್ ಕಿಟಕಿಯ ಹಿಂದೆ ಕೂತಿದ್ದ. ಬಾಟಲಿಗಳನ್ನು ಅವನ ಮುಂದಿಟ್ಟು, "ಯಾವುದು ಕುಡಿಯೂದ್ರಿ?" ಎಂದೆ.

ತುಂಬಿದ್ದ ಬಾಟಲಿಯನ್ನು ತೋರಿಸಿದ. ಕಡಿಮೆಯಾಗಿದ್ದ ಬಾಟಲಿಯನ್ನು ನೋಡಿದ ಮೇಲೆ ಅವನ ಮುಖದ ಬಣ್ಣ ಬದಲಾಯಿತು. ಆದರೂ ಅಂದ: "ಮ್ಯಾಲ ಬರದದಲ್ಲ. ಓದಬಾರದೇನು?"

"ಉರ್ದು ಓದಾಕ ಯಾರಿಗಿ ಬರ್ತದ್ರಿ ಈ ಊರಾಗ? ಕನ್ನಡದಾಗ ಯಾಕ ಬರಿಯಂಗಿಲ್ಲ?"

"ಸರಕಾರದ ಕೆಲಸ ಉರ್ದುದಾಗ ನಡೀತದ. ನಿನಗ ಕನ್ನಡ ಬೇಕಿದ್ರ ನೀನ ಬಂದು ಈ ಕಡಿ ಕೂಡು."

ಹಿಂದೆ ನಿಂತಿದ್ದವರು ನಕ್ಕರು. ಸತ್ತವಳ ಬಾಟಲಿಯನ್ನು ಮುಂದಿಟ್ಟುಕೊಂಡು ನಕ್ಕರು. ನನ್ನ ಮೈ ಉರಿದುಹೋಯಿತು.

"ಆ ಕಡಿ ಕೂಡಬೇಕಾದ್ರ ಏನ ಮಾಡಬೇಕ್ರಿ?" ಎಂದು ಕೇಳಿದೆ.

ಅವನು ಬೆರಳು ಮಡಿಸುತ್ತ ಹೇಳಿದ. ಉರ್ದು ಮಿಡಲ್ ಶಾಲೆಯ ಪರೀಕ್ಷೆ ಪಾಸಾಗಿರಬೇಕು. ನಿಜಾಮರ ಸೀಮೆಯವರೇ ಎನ್ನುವ ಮುಲ್ಕಿ ದಾಖಲೆ ಬೇಕು. ನಡತೆಯ ಬಗ್ಗೆ ದೊಡ್ಡವರ ಮಾತು ಬೇಕು. ಬೀದರಿನ ದೊಡ್ಡ ದವಾಖಾನೆಯಲ್ಲಿ ಉಮೇದ್ವಾರನಾಗಿ ಕೈಕೆಳಗೆ ದುಡಿದು ಕಲಿಯಬೇಕು. ಆಮೇಲೆ ಹೈದರಾಬಾದಿನಲ್ಲಿ ಪರೀಕ್ಷೆ. ಕೊನೆಗೆ, "ಎಲ್ಲಕ್ಕಿಂತ ಮೊದಲ ಗಂಡಸಾಗಿ ಹುಟ್ಟಬೇಕು" ಎಂದು ಕಿಟಕಿ ಮುಚ್ಚಿಕೊಂಡ.

ನಾನು ಆ ವಾರವೇ ಭಾಲ್ಕಿಯ ತವರಿಗೆ ಬಂದೆ. ಅಪ್ಪನದು ಗಂಧಿಗೆ ಅಂಗಡಿ. ಶುಂಠಿ, ಹಿಪ್ಪಲಿ, ಅಳಲೆಕಾಯಿ ಮಾರುತ್ತಿದ್ದ. ಕನ್ನಡ ಅಕ್ಷರವನ್ನು ನನಗೆ ಆ ಡಬ್ಬಿಗಳ ಮೇಲೆಯೇ ಕಲಿಸಿದ್ದ. ಕಂಪೌಂಡರ್ ಆಗುತ್ತೇನೆ ಎಂದಾಗ ಅವನು ತಕ್ಕಡಿಯನ್ನು ಕೆಳಗಿಟ್ಟ.

"ಮಂದಿ ಏನಂತಾರ?" ಎಂದ.

"ಆಕಿ ಸತ್ತಾಗ ಮಂದಿ ಏನಂದ್ರು ಅಪ್ಪಾ? ಹಣೀಬರ ಅಂದ್ರು. ಇದಕ್ಕೂ ಹಂಗ ಅನ್ಲಿ."

ಬೀದರಿನಲ್ಲಿದ್ದ ಸೋದರತ್ತೆಯ ಮನೆಗೆ ಅಪ್ಪನೇ ನನ್ನನ್ನು ಬಿಟ್ಟುಬಂದ. ಹೆಣ್ಣುಮಕ್ಕಳಿಗೆ ಮನೆಯಲ್ಲೇ ಉರ್ದು ಕಲಿಸುತ್ತಿದ್ದ ಒಬ್ಬ ಉಸ್ತಾನಿ ನೌಬಾದದಲ್ಲಿದ್ದರು. ಅವರೂ ವಿಧವೆ, ವಯಸ್ಸಾದವರು, ಎಲೆಅಡಿಕೆ ಜಗಿಯುತ್ತಲೇ ಪಾಠ ಹೇಳುವವರು. ಕೊರಳಲ್ಲಿ ಲಿಂಗ ಕಟ್ಟಿದವಳು ಅವರ ಚಾಪೆಯ ಮೇಲೆ ಕೂತು ಅಲಿಫ್, ಬೇ ಬರೆಯುತ್ತಾಳೆಂದು ನಮ್ಮವರು ಮೂಗು ಮುರಿದರು. ಅವರ ಓಣಿಯವರೂ ಮುರಿದರು. ಉಸ್ತಾನಿ ಮಾತ್ರ, "ಬೇಟಿ, ನಿನ್ನ ಗುಸ್ಸಾ ಅಕ್ಷರದ ಮ್ಯಾಲ ತೆಗಿಬ್ಯಾಡ, ಕಾಗದ ಹರಿತದ" ಎನ್ನುತ್ತಿದ್ದರು. ನಿಜವಾಗಿಯೂ ನನ್ನ ಲೇಖನಿಯ ಒತ್ತಡಕ್ಕೆ ಕಾಗದ ಹರಿಯುತ್ತಿತ್ತು. ವರ್ಷಗಳು ಹಿಡಿದವು. ಪರದೆಯ ಹಿಂದೆ ಕೂತು ಖಾಸಗಿಯಾಗಿ ಮಿಡಲ್ ಪರೀಕ್ಷೆ ಬರೆದೆ. ಪಾಸಾದೆ.

ಬೀದರಿನ ದವಾಖಾನೆಯ ಕಚೇರಿಯ ಗುಮಾಸ್ತ ನನ್ನ ಕಾಗದಗಳನ್ನು ತಿರುವಿ ಹಾಕಿದ. ಮಿಡಲ್ ಇತ್ತು, ಮುಲ್ಕಿ ಇತ್ತು, ನಡತೆಯ ಮಾತೂ ಇತ್ತು. ಹೆಂಗಸರ ವಿಭಾಗಕ್ಕೆ ಹೆಣ್ಣು ಕಂಪೌಂಡರ್ ಬೇಕೆಂದು ಅಲ್ಲಿನ ಡಾಕ್ಟರಮ್ಮ ಕೇಳಿಕೊಂಡದ್ದೂ ಅವನಿಗೆ ಗೊತ್ತಿತ್ತು. ಹಾಗಾಗಿ ಹೆಣ್ಣೆಂದು ನೇರವಾಗಿ ತಳ್ಳಿಹಾಕುವಂತಿರಲಿಲ್ಲ. "ಯಜಮಾನನ ಒಪ್ಪಿಗಿ ಎಲ್ಲದ?" ಎಂದ.

"ಅವ್ರು ತೀರಿಕೊಂಡಾರ್ರಿ."

"ಹಂಗಾದ್ರ ಮಾವಂದು ತಗೊಂಡು ಬಾ."

ನನ್ನ ಜೊತೆಗೆ ಬಂದಿದ್ದ ಉಸ್ತಾನಿ ಬುರ್ಖಾದೊಳಗಿನಿಂದಲೇ ಕೇಳಿದರು: "ಈಕಿ ಮಾವನಿಗಿ ಓದಾಕ ಬರೆಯಾಕ ಬರ್ತದೇನು, ಕೇಳ್ರಿ ಸಾಹೇಬ್ರ. ಬರಲ್ಲ. ಮಿಡಲ್ ಪಾಸಾದಾಕಿ ಸಹಿ ನಡೆಯಲ್ಲ, ಅವ್ನ ಹೆಬ್ಬೆಟ್ಟು ನಡೀತದೇನು?"

"ಕಾಯಿದೆ ಹಂಗ ಅದ" ಎಂದ ಗುಮಾಸ್ತ.

ಇಂದಿಗೂ ಆ ಮಾತು ನೆನಪಾದರೆ ಹಲ್ಲು ಕಡಿಯುತ್ತೇನೆ. ಯಾರಿಗೆ ಅಕ್ಷರ ಬಾರದೆ ಒಂದು ಜೀವ ಹೋಯಿತೋ, ಅವನೇ ನಾನು ಅಕ್ಷರದ ಕೆಲಸ ಮಾಡಬಹುದೋ ಬೇಡವೋ ಎಂದು ಹೇಳಬೇಕಿತ್ತು!

ಅಪ್ಪ ಗಾಡಿ ಕಟ್ಟಿಸಿದ. ಔರಾದಕ್ಕೆ ಹೋದೆವು. ಮಾವ ಪಡಸಾಲೆಯಲ್ಲಿ ಕೂತಿದ್ದರು. ಅಪ್ಪನಿಗೆ ನೀರು ಕೊಡಿಸಿದರು, ನನ್ನ ಕಡೆ ನೋಡಲಿಲ್ಲ. ಅಪ್ಪ ಬಂದ ಕೆಲಸ ಹೇಳಿದ.

"ನಮ್ಮ ಮನಿ ಸೊಸಿ ಕಂಡಕಂಡವರಿಗಿ ಶೆರೆ ಬೆರಸಿದ ಔಷಧ ಅಳದು ಕೊಡೂದೇನು? ಆಗಂಗಿಲ್ರಿ" ಎಂದರು ಮಾವ.

ನಾನು ಅದುವರೆಗೆ ಅವರ ಮುಂದೆ ನಿಂತು ಮಾತಾಡಿದವಳಲ್ಲ. ಅಂದು ನಿಂತೆ. "ಮಾವಾರ, ಬಾಟ್ಲಿ ಯಾವುದು ಅಂತ ಗೊತ್ತಿಲ್ಲ ಅಂತ ಒಂದ ಮಾತು ಅಂದಿದ್ರ ನಾ ದವಾಖಾನಿಗಿ ಓಡಿ ಹೋಗಿ ಕೇಳಿಕೊಂಡು ಬರ್ತಿದ್ದೆ. ಆಕಿ ಉಳೀತಿದ್ಲು. ನಿಮ್ಮ ಮರ್ಯಾದಿ ಉಳೀಲಿ ಅಂತ ಆಕಿ ಹೋದ್ಲು. ಈಗ ಮತ್ತ ಮರ್ಯಾದಿ ಮಾತು ಯಾಕ ಆಡ್ತೀರಿ?"

ಮಾವ ಎದ್ದು ನಿಂತರು. ಹೊಡೆಯುತ್ತಾರೆ ಎಂದುಕೊಂಡೆ. ಅಪ್ಪ ನಡುವೆ ಬಂದ. ಅಷ್ಟರಲ್ಲಿ ಒಳಗಿನಿಂದ ಅತ್ತೆ ಬಂದರು. ನೆಗೆಣ್ಣಿ ಸತ್ತ ದಿನದಿಂದ ಅತ್ತೆ ಯಾರ ಹತ್ತಿರವೂ ಹೆಚ್ಚು ಮಾತಾಡುತ್ತಿರಲಿಲ್ಲವೆಂದು ಕೇಳಿದ್ದೆ. ಈಗ ನೋಡಿದರೆ ಬಹಳ ಸೊರಗಿಹೋಗಿದ್ದರು. ಅವರ ಕೈಯಲ್ಲಿ ದೀಪದ ಮಸಿ ಕಲಸಿದ ತಟ್ಟೆ ಇತ್ತು. ಅದನ್ನು ಮಾವನ ಮುಂದೆ ಹಿಡಿದರು.

"ಕುಡಿಸಿದ್ದು ನನ್ನ ಕೈ. ಇಷ್ಟ ದಿನ ಆದ್ರೂ ಈ ಕೈಲೆ ತುತ್ತು ಎತ್ತಾಕ ಆಗವಲ್ದು ನನಗ. ಹಚ್ರಿ ಹೆಬ್ಬೆಟ್ಟು. ಹಚ್ಚದಿದ್ರ ನಾನೂ ಈಕಿ ಗಾಡಿ ಹತ್ತತೇನಿ."

ಮಾವ ಹೆಂಡತಿಯ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಬಾಗಿ, ಅಪ್ಪ ತಂದಿದ್ದ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಅವರಿಗೆ ಪಶ್ಚಾತ್ತಾಪವಾಯಿತೋ ಬರೀ ಹೆದರಿಕೆಯೋ, ನಾನು ಕೇಳಲಿಲ್ಲ. ಅತ್ತೆಯ ಕಾಲು ಮುಟ್ಟಿ ಗಾಡಿ ಹತ್ತಿದೆ.

ಬೀದರಿನ ದವಾಖಾನೆಯಲ್ಲಿ ಸೇರಿದ ಮೇಲಾದರೂ ಕಲಿಸಿದರೇ? ಇಲ್ಲ. ಹಿರಿಯ ಕಂಪೌಂಡರ್ ನನ್ನನ್ನು ಬಾಟಲಿ ತೊಳೆಯಲು ಹಿತ್ತಿಲಿಗೆ ಅಟ್ಟಿದ. ನನ್ನ ಜೊತೆ ಸೇರಿದ ಗಂಡು ಉಮೇದ್ವಾರರು ತಕ್ಕಡಿ ಹಿಡಿದರು, ಕಲ್ಬತ್ತಿನಲ್ಲಿ ಅರೆದು ಗುಳಿಗೆ ಕಟ್ಟಿದರು. ನಾನು ಬೂದಿ ಹಚ್ಚಿ ಗಾಜು ತಿಕ್ಕುತ್ತಿದ್ದೆ. ಕೇಳಿದರೆ, "ಹೆಂಗಸರ ಕೈ ನಡುಗ್ತದ, ತೂಕ ತಪ್ತದ" ಎನ್ನುತ್ತಿದ್ದ. ಬೇಸಿಗೆ ಮುಗಿದು ಮಳೆ ಹಿಡಿದರೂ ನಾನು ಹಿತ್ತಿಲಲ್ಲೇ ಇದ್ದೆ. ಒಂದು ದಿನ ತೊಳೆದ ಬಾಟಲಿಗಳ ಬುಟ್ಟಿಯನ್ನು ಹೊತ್ತು ಡಾಕ್ಟರಮ್ಮನ ಕೋಣೆಗೆ ಹೋಗಿ ಮೇಜಿನ ಮೇಲೆ ಇಟ್ಟುಬಿಟ್ಟೆ. "ನಾ ಕಲ್ತದ್ದು ಇಷ್ಟ ನೋಡ್ರಿ ಅಮ್ಮಾ" ಎಂದೆ. ಅವರು ಆ ಮನುಷ್ಯನನ್ನು ಕರೆಸಿ, ಕಲಿಸದಿದ್ದರೆ ಕಾರಣ ಬರೆದುಕೊಡು ಎಂದರು.

ಮರುದಿನದಿಂದ ಕಲಿಸಿದ, ಉಗುಳಿದಂತೆ ಕಲಿಸಿದ. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುತ್ತಿರಲಿಲ್ಲ. ಡಾಕ್ಟರರ ಚೀಟಿಯಲ್ಲಿ ಇಂಗ್ಲಿಷ್ ಅಕ್ಷರದ ಗುರುತುಗಳಿರುತ್ತಿದ್ದವು: ಊಟಕ್ಕೆ ಮುಂಚೆ, ಊಟದ ನಂತರ, ಮಲಗುವಾಗ. ಅವುಗಳ ಆಕಾರವನ್ನು ಅಡುಗೆಮನೆಯ ನೆಲದ ಮೇಲೆ ಜೋಳದ ಹಿಟ್ಟಿನಲ್ಲಿ ಬರೆದು ಕಲಿತೆ. ಎಣ್ಣೆ ನೀರಿನಲ್ಲಿ ಬೆರೆಯುವಂತೆ ಗೋಂದು ಹಾಕಿ ಅರೆಯುವುದು, ಪುಡಿಯನ್ನು ಚೆಲ್ಲದಂತೆ ಪೊಟ್ಟಣ ಮಡಿಸುವುದು, ವಿಷದ ಕಪಾಟಿಗೆ ಬೀಗ ಹಾಕಿ ಮತ್ತೊಮ್ಮೆ ಎಳೆದು ನೋಡುವುದು, ಎಲ್ಲ ಕಲಿತೆ. ಎದೆಗೆ ಹಚ್ಚುವ ಆ ಔಷಧಿ ಯಾವ ಗಿಡದ ಬೇರಿನದು, ಅದು ಹೊಟ್ಟೆಗೆ ಹೋದರೆ ಕಣ್ಣಿನ ಗೊಂಬೆ ಯಾಕೆ ಅಗಲವಾಗುತ್ತದೆ ಎಂಬುದು ತಿಳಿದ ದಿನ ಕೆಲಸ ಬಿಟ್ಟು ಹೊರಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತೆ. ಬೇಗ ವಾಂತಿ ಮಾಡಿಸಿ ದವಾಖಾನೆಗೆ ತಂದಿದ್ದರೆ ಬದುಕಿಸಬಹುದಿತ್ತಂತೆ.

ಹೈದರಾಬಾದಿನ ಪರೀಕ್ಷೆಯಲ್ಲಿ ಪಾಸಾಗಿ, ಬೀದರಿನ ಹೆಂಗಸರ ವಿಭಾಗದ ಕಿಟಕಿಯ ಹಿಂದೆ ಕೂತೆ. ಹಚ್ಚುವ ಔಷಧಿಯ ಬಾಟಲಿಗಳ ಕೊರಳಿಗೆಲ್ಲ ಕೆಂಪು ನೂಲು ಕಟ್ಟಿದೆ. ಓದು ಬಾರದವರೂ ಕೈಯಿಂದ ಮುಟ್ಟಿ ತಿಳಿಯಲಿ ಎಂದು. ಕಾಯಿದೆಯಲ್ಲಿ ಇಲ್ಲ ಎಂದು ಹಿರಿಯ ಕಂಪೌಂಡರ್ ತಕರಾರು ತೆಗೆದ. "ಇಲ್ಲಂದ್ರ ಇರ್ಲಿ ಬಿಡ್ರಿ" ಎಂದು ನಾನು ಕಟ್ಟುತ್ತಲೇ ಹೋದೆ.

ಕೆಲವು ವರ್ಷಗಳ ಮೇಲೆ ಉಸ್ತಾನಿಯ ಬಳಿ ಕಲಿತ ನೌಬಾದದ ಒಬ್ಬ ಹುಡುಗಿ ಉಮೇದ್ವಾರಿಕೆಗೆ ಬಂದಳು. ಮಿಡಲ್ ಪಾಸಾಗಿತ್ತು, ತಂದೆಯೇ ಕರೆತಂದಿದ್ದ. ಈ ಬಾರಿ ಯಾವ ಕೊಕ್ಕೆಯೂ ಇಲ್ಲ ಎಂದುಕೊಂಡು ನಾನೂ ಕಚೇರಿಗೆ ಜೊತೆಗೆ ಹೋದೆ. ಗುಮಾಸ್ತ ಕಾಗದ ನೋಡಿ, "ಈಗ ಇಂಗ್ಲಿಷೂ ಬೇಕಂತ ಹುಕುಂ ಬಂದದ" ಎಂದ. ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸುವ ಸರ್ಕಾರಿ ಶಾಲೆ ಇಡೀ ಊರಿನಲ್ಲಿ ಒಂದೂ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.

"ಎಲ್ಲಿ ಕಲೀಬೇಕ್ರಿ ಈಕಿ?" ಎಂದೆ.

"ಅದು ನನ್ನ ಕೆಲಸಲ್ಲ."

"ಹೌದ್ರಿ, ನಿಮ್ಮ ಕೆಲಸ ಬಾಗಿಲಾ ಹಾಕೂದು" ಎಂದು ಇಡೀ ಕಚೇರಿಗೆ ಕೇಳುವಂತೆ ಹೇಳಿದೆ. ಹಾಗೆ ಮಾತಾಡಿದ್ದಕ್ಕೆ ಮೇಲಿನವರಿಂದ ಬೈಗುಳ ತಿಂದೆ. ತಪ್ಪಾಯಿತೆಂದು ಹೇಳಲಿಲ್ಲ. ಹುಡುಗಿ ಅಳುತ್ತ ಹೊರಗೆ ನಿಂತಿದ್ದಳು. ಕಣ್ಣು ಒರೆಸಿಕೊ ಎಂದೆ. ಡಾಕ್ಟರಮ್ಮನಿಗೆ ಇಂಗ್ಲಿಷ್ ಬರುತ್ತಿತ್ತು. ಹುಡುಗಿಯನ್ನು ಕೈಹಿಡಿದು ನೇರವಾಗಿ ಅವರ ಬಂಗಲೆಗೆ ಕರೆದುಕೊಂಡು ಹೋದೆ.