ಚಿಲಕ ಮೇಲೇಳುವಾಗ ಮಾವ ಸುಮ್ಮನಿದ್ದರು

ಮೊನ್ನೆ ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಮನೆಗೆ ಸುಣ್ಣ ಬಳಿಯಲು ಬಂದವರು ಒದ್ದೆ ಟಾರ್ಪಾಲೊಂದನ್ನು ತಂದು ಹಜಾರದಲ್ಲಿ ಹರಡಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಭದ್ರಾವತಿಯ ಟೆಂಟ್ ಸಿನಿಮಾ ನೆನಪಾಯಿತು. ಅದರ ಹಿಂದೆಯೇ ಪಕ್ಕದ ಮನೆ ಮಾವ…

ನನಗಾಗ ಹತ್ತು ವರ್ಷ. ಅಪ್ಪನಿಗೆ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ನಾನು ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಾನ್ವೆಂಟಿಗೆ ಹೋಗುತ್ತಿದ್ದೆ. ರಜೆ ಬಂದರೆ ಭದ್ರಾವತಿ. ಮಾವ ನಮಗೆ ನೆಂಟರಲ್ಲ, ಒಂದೇ ವಠಾರದವರು. ನಮ್ಮ ಕಡೆಗೆ ಬರುತ್ತಿದ್ದ ಚಿತ್ರಗಳಲ್ಲಿ ಆಗಿನ್ನೂ ಮಾತಿರಲಿಲ್ಲ. ಪರದೆಯ ಪಕ್ಕದಲ್ಲಿ ನಿಂತು ಜನಕ್ಕೆ ಕಥೆ ಹೇಳುವುದೇ ಮಾವನ ಉದ್ಯೋಗ. ಮಾಸಿದ ಕಪ್ಪು ಕೋಟು, ಕೈಯಲ್ಲೊಂದು ಬಿದಿರು ಕೋಲು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮೂರು ಪದ ಬಂದರೆ ಅವರು ಕನ್ನಡದಲ್ಲಿ ಮೂವತ್ತು ಹೇಳುತ್ತಿದ್ದರು. ಓದಲು ಬರುತ್ತಿದ್ದ ನನಗೆ ಮಿಕ್ಕ ಇಪ್ಪತ್ತೇಳು ಪದಗಳೇ ಇಷ್ಟ.

ಆ ಬೇಸಿಗೆಯಲ್ಲಿ ಒಂದು ವಿಲಾಯಿತಿ ಚಿತ್ರ ಬಂತು. ಬಲು ನಿಧಾನದ್ದು. ಒಬ್ಬಳು ಹೆಂಗಸು ಒಗೆದ ಬಟ್ಟೆ ಮಡಿಸುತ್ತಾಳೆ, ಮಡಿಸುತ್ತಲೇ ಇರುತ್ತಾಳೆ. ಅವಳ ಬೆನ್ನ ಹಿಂದೆ ಬಾಗಿಲ ಚಿಲಕ ಸ್ವಲ್ಪ ಸ್ವಲ್ಪವೇ ಮೇಲೇಳುತ್ತದೆ. ಮೊದಲ ದಿನ ಮಾವ ಕೋಲು ಕುಟ್ಟಿ, "ಅಯ್ಯೋ ಮಾರಾಯ್ತಿ, ಬಟ್ಟೆ ಆಮೇಲೆ ಮಡಿಸು, ಕಳ್ಳ ಬಂದ!" ಎಂದರು. ಟೆಂಟಿಗೆ ಟೆಂಟೇ ನಕ್ಕಿತು.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ನನ್ನನ್ನು ಕೇಳಿದರು. "ನಿನ್ನೆ ಹೆದರಿಕೆ ಆಯ್ತೇನೇ ಪುಟ್ಟಿ?"

"ಇಲ್ಲ ಮಾವ. ಕಳ್ಳ ಅಂತ ನೀವೇ ಹೇಳ್ಬಿಟ್ರಲ್ಲ."

"ಹೇಳ್ದೆ ಇದ್ದಿದ್ರೆ?"

"ಆಗ… ಯಾರೋ ಏನೋ ಅಂತ ಆಗ್ತಿತ್ತು."

ಕೊಡ ತುಂಬಿ ನೀರು ಅವರ ಕಾಲ ಮೇಲೆ ಹರಿಯುತ್ತಿತ್ತು.

ಅವರ ಹೆಂಡತಿ ಆಗ ಏಳು ತಿಂಗಳ ಬಸುರಿ. ಅದೇ ಮಧ್ಯಾಹ್ನ ಅಮ್ಮನ ಹತ್ತಿರ ಹೇಳಿಕೊಂಡರು: "ಬೆಂಗಳೂರಿಗೆ ಮಾತಾಡೋ ಚಿತ್ರ ಬಂದಿದೆಯಂತೆ ಅಕ್ಕ. ಬಾಯಿ ನಡೆಯೋ ತನಕ ಕೆಲಸ, ನಿಂತ ದಿನ ಮನೆಗೆ, ಅಂತ ಟೆಂಟಿನ ಮಾಲೀಕರು ಮೊದಲೇ ಅಂದಿದಾರೆ. ಇವರು ನೋಡಿದ್ರೆ, ಇವತ್ತು ಸುಮ್ನಿದ್ದು ನೋಡ್ತೀನಿ ಅಂತಾರೆ!"

"ಹುಚ್ಚೇನ್ರೀ ಅವರಿಗೆ?" ಎಂದಳು ಅಮ್ಮ. ನಾನು ಜಡೆಯ ತುದಿ ಕಚ್ಚುತ್ತಾ ಕೂತಿದ್ದೆ.

ಸಂಜೆ ಮೊದಲ ಆಟಕ್ಕೆ ಅಮ್ಮನನ್ನು ಕಾಡಿ ಮತ್ತೆ ಹೊರಡಿಸಿದೆ. ಹೆಂಗಸು ಬಟ್ಟೆ ಮಡಿಸಲು ಶುರುಮಾಡಿದಳು. ಮಾವ ಕೋಲನ್ನು ಕಂಕುಳಲ್ಲಿಟ್ಟು ಕೈಕಟ್ಟಿಕೊಂಡರು. "ಏನ್ ಸ್ವಾಮಿ, ನಿದ್ದೆ ಬಂತಾ?" ಎಂದು ಮುಂದೆ ನೆಲದ ಮೇಲೆ ಕೂತವನೊಬ್ಬ ಕೂಗಿದ. "ಪೇಸುಂಗ ಸಾರ್, ಪೇಸುಂಗ!" ಎಂದು ಮಾತಾಡಲು ಒತ್ತಾಯಿಸಿದ ಕಾರ್ಖಾನೆಯ ತಮಿಳಿನವನೊಬ್ಬ. ನಾಲ್ಕಾರು ಜನ ಬೈದುಕೊಂಡು ಎದ್ದೇ ಹೋದರು. ಮಾವ ತುಟಿ ಬಿಚ್ಚಲಿಲ್ಲ.

ಆಮೇಲೆ ಗದ್ದಲ ತಾನಾಗಿಯೇ ಇಳಿಯಿತು. ಯಂತ್ರದ ಟಕಟಕ ಬಿಟ್ಟರೆ ಬೇರೆ ಸದ್ದಿಲ್ಲ. ಚಿಲಕ ಏಳತೊಡಗಿತು… ಅಮ್ಮ ನನ್ನ ಮೊಣಕೈ ಹಿಡಿದದ್ದು ಅವಳಿಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಫಿಲ್ಮಿನ ಸುರುಳಿ ಮುಗಿಯಿತು. ಇದ್ದದ್ದು ಒಂದೇ ಯಂತ್ರ. ಸುರುಳಿ ಬದಲಿಸುವಷ್ಟು ಹೊತ್ತು ಮಾವ ತಮಾಷೆ ಹೇಳುವುದು, ಜನ ಎದ್ದು ಸೋಡಾ ಕುಡಿಯುವುದು ವಾಡಿಕೆ. ಅಂದು ಯಾರೂ ಏಳಲಿಲ್ಲ. ಸೋಡಾದವನೂ ಬುಟ್ಟಿ ಹಿಡಿದುಕೊಂಡು ಬರೀ ಪರದೆಯನ್ನು ನೋಡುತ್ತಾ ನಿಂತಿದ್ದ.

ಆಟ ಬಿಟ್ಟಾಗ ಬಾಗಿಲ ಬಳಿ ಮಾಲೀಕರ ದನಿ ಕೇಳಿಸಿತು. "ಜನ ಎದ್ದು ಹೋದ್ರಲ್ರೀ! ಸುಮ್ನೆ ನಿಲ್ಲೋಕೆ ಟೆಂಟಿನ ಕಂಬ ಇಲ್ವಾ, ನೀವ್ಯಾಕೆ? ನಾಳೆಯಿಂದ ಬರ್ಬೇಡಿ."

"ಕೂತಿದ್ದವರನ್ನ ನೋಡಿದ್ರಾ?" ಎಂದಷ್ಟೇ ಕೇಳಿದರು ಮಾವ.

ಮರುದಿನ ನಲ್ಲಿಯ ಹತ್ತಿರ ನಾನು ತಲೆ ಎತ್ತಲಿಲ್ಲ. ಅವರೇ ಕೇಳಿದರು. "ಈಗ ಹೇಳು, ಹೆದರಿಕೆ ಆಯ್ತಾ?"

"ಗಂಟಲು ಒಣಗಿಹೋಗಿತ್ತು ಮಾವ."

"ನಂಗೂ ಕಣೇ," ಎಂದು ನಕ್ಕರು.

ತಿಂಗಳೊಳಗೆ ಮನೆ ಖಾಲಿ ಮಾಡಿ ಹೆಂಡತಿಯ ತವರಿಗೆ ಹೋದರು. ಮಗು ಗಂಡೋ ಹೆಣ್ಣೋ, ಅದೂ ತಿಳಿಯಲಿಲ್ಲ.

ಈಗ ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ನಿಧಾನದ ಚಿತ್ರ ಬಂದರೆ ಮನೆಯವರು ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. "ಏನೂ ಆಗ್ತಾನೇ ಇಲ್ವಲ್ಲ ಅತ್ತೆ" ಎನ್ನುತ್ತಾಳೆ ಸೊಸೆ. ನಾನು ಕೂತಿರುತ್ತೇನೆ. ಆ ಮೊದಲ ಬೆಳಿಗ್ಗೆ "ಹೂಂ, ಹೆದರಿಕೆ ಆಯ್ತು" ಎಂದು ಒಂದು ಸುಳ್ಳು ಹೇಳಿದ್ದರೆ ಮಾವನ ಕೆಲಸ ಇನ್ನೊಂದೆರಡು ವರ್ಷವಾದರೂ ಉಳಿಯುತ್ತಿತ್ತೇನೋ… ನಾನು ಆಡಿದ ಮಾತಿನಿಂದ ಹಾಗಾಯಿತೆಂದು ಅಮ್ಮನಿಗೂ ಹೇಳಿರಲಿಲ್ಲ. ಹೇಳೋಣವೆಂದರೆ ಈಗ ಅಮ್ಮನೂ ಇಲ್ಲ, ಆ ವಠಾರದವರು ಒಬ್ಬರೂ ಉಳಿದಿಲ್ಲ.