ಕೊಡೆ ಹಿಡಿಯುವವನ ಹುದ್ದೆ

ಸೌದಿಯ ಜುಬೈಲಿನ ಒಂದು ಸರ್ವೆ ಕಂಪನಿಯಲ್ಲಿ ಅಬ್ದುಲ್ ಜಲೀಲರು ಪ್ಲಾನಿಂಗ್ ಕೋಆರ್ಡಿನೇಟರ್. ವಯಸ್ಸು ಐವತ್ತೇಳು, ಊರು ಉಪ್ಪಿನಂಗಡಿ ಕಡೆ. ಹತ್ತೊಂಬತ್ತು ವರ್ಷಗಳಿಂದ ಅವರು ಭೂಮಿ ಅಳೆಯುವ ತಂಡಗಳನ್ನು ಮರಳುಗಾಡಿಗೆ ಕಳುಹಿಸುತ್ತಿದ್ದರು. ಯಾವ ತಂಡಕ್ಕೆ ಎಷ್ಟು ಜನ, ಯಾವ ಗಾಡಿ, ಎಷ್ಟು ದಿನ, ಎಲ್ಲವನ್ನೂ ಏಸಿ ಕೋಣೆಯಲ್ಲಿ ಕೂತು ತೀರ್ಮಾನಿಸುತ್ತಿದ್ದರು. ತಾವೇ ಒಂದು ದಿನವಾದರೂ ಅಲ್ಲಿಗೆ ಹೋಗಿ ನೋಡಿದವರಲ್ಲ. ಯಾರಾದರೂ ಕೇಳಿದರೆ, "ನಮ್ಮದು ಸರ್ವೆಯ ವಂಶ ಮಾರಾಯ, ನನ್ನ ಮುತ್ತಜ್ಜ ಬ್ರಿಟಿಷರ ಕಾಲದಲ್ಲೇ ಸರ್ವೆ ಇಲಾಖೆಯಲ್ಲಿದ್ದರು" ಎನ್ನುತ್ತಿದ್ದರು. ಮುತ್ತಜ್ಜ ಇಲಾಖೆಯಲ್ಲಿ ಇದ್ದದ್ದು ಅಳತೆಯ ಸರಪಳಿಯ ಒಂದು ತುದಿ ಹಿಡಿದುಕೊಂಡು ಎಂಬ ವಿವರವನ್ನು ಮಾತ್ರ ಬಿಟ್ಟುಬಿಡುತ್ತಿದ್ದರು. ಬಿಟ್ಟದ್ದು ಅವರಿಗೂ ಗೊತ್ತಿತ್ತು, ಅದಕ್ಕೆ ಒಳಗೊಳಗೇ ನಗುವೂ ಬರುತ್ತಿತ್ತು.

ಜಲೀಲರ ಕೆಲಸಕ್ಕೆಲ್ಲ ಆಧಾರ ಒಂದು ಹಳೆಯ ಪಟ್ಟಿ. ಕಂಪನಿ ಶುರುವಾದ ಕಾಲದಲ್ಲಿ ಅದನ್ನು ಬರೆದುಕೊಟ್ಟವನು ಬ್ರಿಟಿಷ್ ವಸಾಹತುಗಳಲ್ಲಿ ಸರ್ವೆ ನಡೆಸಿ ನಿವೃತ್ತನಾಗಿದ್ದ ಒಬ್ಬ ದೊರೆ. ಒಂದು ತಂಡಕ್ಕೆ ಒಬ್ಬ ಅಧಿಕಾರಿ, ಒಬ್ಬ ಗುಮಾಸ್ತ, ಸರಪಳಿಗೆ ಇಬ್ಬರು, ಬಾವುಟಕ್ಕೆ ಇಬ್ಬರು, ಯಂತ್ರಕ್ಕೆ ಕೊಡೆ ಹಿಡಿಯಲು ಒಬ್ಬ, ಒಬ್ಬ ಅಡುಗೆಯವ, ಆರು ಕತ್ತೆ. ಕಾಡಿನ ದೇಶಕ್ಕಾದರೂ ಅಷ್ಟೇ, ಬಯಲಿನ ದೇಶಕ್ಕಾದರೂ ಅಷ್ಟೇ. ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿದವರು ಜಲೀಲರು. ಕಾಲಕ್ಕೆ ತಕ್ಕಂತೆ ಅದನ್ನು ಸುಧಾರಿಸಿದವರೂ ಅವರೇ, ಎಂದರೆ ಕತ್ತೆಗಳ ಮುಂದೆ ಸೊನ್ನೆ ಹಾಕಿದರು. ಸಾಲನ್ನೇ ಅಳಿಸಿದರೆ ಕೆಳಗಿನ ಲೆಕ್ಕ ಕೆಟ್ಟೀತು ಎಂಬ ಭಯ. ಹೀಗಾಗಿ ಪ್ರತಿ ತಿಂಗಳೂ ಸೊನ್ನೆ ಕತ್ತೆಗಳ ಜೊತೆಗೆ ಜುಬೈಲ್ ಶಾಖೆಯ ಪ್ಲಾನ್ ರಿಯಾದಿನ ಹೆಡ್ಡಾಫೀಸಿಗೆ ಹೋಗುತ್ತಿತ್ತು.

ಈ ಅಕ್ಟೋಬರಿನಲ್ಲಿ ರಿಯಾದಿಗೆ ಸಾದ್ ಎಂಬ ಹೊಸ ಮ್ಯಾನೇಜರ್ ಬಂದ. ಮೂವತ್ತರ ಸೌದಿ ತರುಣ, ಮಾತು ಕಡಿಮೆ. ಅವನು ಪಟ್ಟಿಯನ್ನು ನಿಜವಾಗಿಯೂ ಓದಿದ. ಭಾನುವಾರ ಬೆಳಿಗ್ಗೆ ಅವನ ಇಮೇಲ್ ಬಂತು: ಪ್ರತಿ ಶಾಖೆಯಿಂದಲೂ ಒಂದು ಹುದ್ದೆ ಕಡಿಮೆಯಾಗಬೇಕು, ಗುರುವಾರದೊಳಗೆ ಹೆಸರು ಬೇಕು, ಡ್ರೋನ್ ಹಾರುವ ಕಾಲದಲ್ಲಿ ನಿಮ್ಮಲ್ಲಿ ಕೊಡೆ ಹಿಡಿಯುವವನು ಯಾಕಿದ್ದಾನೆ?

ಆ ಹುದ್ದೆಯಲ್ಲಿದ್ದವನು ಬಿಹಾರದ ಸಿವಾನ್ ಜಿಲ್ಲೆಯ ಅತೀಕುರ್ರಹ್ಮಾನ್. ಇಪ್ಪತ್ತೊಂದು ವರ್ಷದ ಸರ್ವಿಸ್, ವಯಸ್ಸು ಐವತ್ತು ದಾಟಿದೆ, ಊರಲ್ಲಿ ಮಗಳು ನರ್ಸಿಂಗ್ ಕೊನೆಯ ವರ್ಷ. ಇಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ರದ್ದಾದರೆ ಗಂಟುಮೂಟೆ ಕಟ್ಟಬೇಕು; ಈ ವಯಸ್ಸಿನಲ್ಲಿ ಹೊಣೆ ಹೊತ್ತು ಕೆಲಸ ಕೊಡುವ ಇನ್ನೊಬ್ಬ ಕಫೀಲ್ ಸಿಗುವುದು ದೂರದ ಮಾತು. ಇದೆಲ್ಲ ಜಲೀಲರಿಗೆ ಗೊತ್ತಿತ್ತು. ಆದರೂ ಅವರು ಮೊದಲು ಮಾಡಿದ ಕೆಲಸವೆಂದರೆ ಫಾರ್ಮ್ ತೆರೆದು ಅತೀಕನ ಹೆಸರು ಟೈಪ್ ಮಾಡಿದ್ದು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ, ಬೇಗ ಮುಗಿಯಿತಲ್ಲ ಎಂದು ಸಮಾಧಾನವೇ ಆಯಿತು. ಆದರೆ ಫಾರ್ಮಿನ ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು: ಈ ವ್ಯಕ್ತಿ ಹೋದರೆ ಯಾವ ಕೆಲಸ ನಿಲ್ಲುತ್ತದೆ? ಅತೀಕ ದಿನವಿಡೀ ಏನು ಮಾಡುತ್ತಾನೆ ಎಂದು ಜಲೀಲರಿಗೆ ಗೊತ್ತಿರಲಿಲ್ಲ. ಅವನನ್ನು ಹತ್ತೊಂಬತ್ತು ವರ್ಷ ಕೆಲಸಕ್ಕೆ ಕಳುಹಿಸಿದವರು ಅವರೇ.

ಮಂಗಳವಾರ ಬೆಳಿಗ್ಗೆ ಅವರು ತಂಡದ ಪಿಕಪ್ಪಿನಲ್ಲಿ ಹತ್ತಿ ಕೂತರು. ಸರ್ವೇಯರ್ ಆಮಿರ್ ಭಟ್ಕಳದ ಹುಡುಗ, ಕಣ್ಣು ಬಿಟ್ಟು ನೋಡಿದ.

"ಎಂತ ಸರ್, ನೀವು? ದಾರಿ ತಪ್ಪಿತಾ?"

"ಇನ್ಸ್ಪೆಕ್ಷನ್" ಎಂದರು ಜಲೀಲರು. ಕಾಲಲ್ಲಿ ಪಾಲಿಷ್ ಮಾಡಿದ ಕಪ್ಪು ಶೂ ಇತ್ತು, ಕೈಯಲ್ಲಿ ತಮ್ಮದೇ ಪ್ಲಾನಿನ ಪ್ರಿಂಟು.

ಕೆಲಸ ಒಂದು ಪೈಪ್‌ಲೈನಿನ ದಾರಿಯ ಅಳತೆ. ಮೊದಲ ಗುರುತಿನಿಂದ ಎರಡನೆಯದಕ್ಕೆ ಹನ್ನೊಂದು ನಿಮಿಷ ಎಂದು ಜಲೀಲರು ಬರೆದಿದ್ದರು. ನಕ್ಷೆಯ ಮೇಲೆ ಸ್ಕೇಲ್ ಇಟ್ಟು, ದೂರವನ್ನು ಗಾಡಿಯ ವೇಗದಿಂದ ಭಾಗಿಸಿ ತೆಗೆದ ಹನ್ನೊಂದು. ಆದರೆ ಗಾಡಿ ನೇರ ಹೋಗುವ ಬದಲು ಎಡಕ್ಕೆ ತಿರುಗಿ ದೊಡ್ಡ ಸುತ್ತು ಹಾಕತೊಡಗಿತು. ದಾರಿ ಹೇಳುತ್ತಿದ್ದವನು ಹಿಂದಿನ ಸೀಟಿನಲ್ಲಿದ್ದ ಅತೀಕ.

"ಯಾಕೆ ಸುತ್ತು? ಪ್ಲಾನಿನಲ್ಲಿ ನೇರ ಇದೆಯಲ್ಲ" ಎಂದು ಜಲೀಲರು ಗಾಡಿ ನಿಲ್ಲಿಸಿದರು.

ಅತೀಕ ಹಿಂದಿಯಲ್ಲಿ ಮೆತ್ತಗೆ ಹೇಳಿದ, "ಸಾಬ್, ಮುಂದೆ ಸಬ್ಖಾ ಇದೆ. ಮೇಲೆ ಉಪ್ಪಿನ ಪದರ, ಕೆಳಗೆ ಬರೀ ಕೆಸರು. ನೋಡಲಿಕ್ಕೆ ಗಟ್ಟಿ ಕಾಣ್ತದೆ."

ಗಟ್ಟಿಯಾಗಿಯೇ ಕಾಣುತ್ತಿತ್ತು. ಬೆಳ್ಳಗೆ, ಸಮತಟ್ಟಾಗಿ, ಸಿಮೆಂಟಿನ ಅಂಗಳದ ಹಾಗೆ. ಸರ್ವೆಯ ವಂಶಸ್ಥರಿಗೆ ನೆಲ ನೋಡಿದರೆ ತಿಳಿಯುವುದಿಲ್ಲವೆ? "ಇದೆಂತ ಕೆಸರು" ಎಂದು ಜಲೀಲರು ಪ್ರಿಂಟು ಹಿಡಿದೇ ಇಳಿದು ನಡೆದರು. ಒಂದು ಹೆಜ್ಜೆ, ಎರಡು, ಆರು. ಹಿಂದೆ ತಿರುಗಿ "ನೋಡಿ" ಎಂದದ್ದೂ ಆಯಿತು. ಏಳನೆಯ ಹೆಜ್ಜೆಗೆ ಬಲಗಾಲು ಮೊಣಕಾಲಿನವರೆಗೆ ಹೋಯಿತು, ಅದನ್ನು ಎಳೆಯಲು ಹೋಗಿ ಎಡಗಾಲೂ ಹೋಯಿತು.

"ಅಲ್ಲಾಡಬೇಡಿ ಸಾಬ್" ಎನ್ನುತ್ತ ಅತೀಕ ಹಲಗೆಯೊಂದನ್ನು ತಂದು ಮುಂದೆ ಹಾಸಿದ, ಅದರ ಮೇಲೆ ಹೊಟ್ಟೆಯೂರಿ ಮಲಗಿ ಅವರ ಎರಡೂ ಕಂಕುಳಿಗೆ ಕೈ ಹಾಕಿ ಎಳೆದ. ಜಲೀಲರು ಹೊರಬಂದರು, ಒಂದು ಶೂ ಬರಲಿಲ್ಲ. ಆ ಹಲಗೆ ಗಾಡಿಯಲ್ಲಿ ಯಾಕಿತ್ತು ಎಂದು ಅವರು ಕೇಳಲಿಲ್ಲ. ತಮ್ಮ ಸಾಮಾನಿನ ಪಟ್ಟಿಯಲ್ಲಂತೂ ಅದು ಇರಲಿಲ್ಲ.

ಆಮೇಲೆ ಮಧ್ಯಾಹ್ನದವರೆಗೆ ಒಂದು ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ನೋಡುತ್ತ ಕೂತರು. ಅತೀಕ ಕೊಡೆ ಹಿಡಿಯುತ್ತಿದ್ದದ್ದು ನಿಜ, ಬಿಸಿಲು ತಗುಲಿದರೆ ಯಂತ್ರದ ಮಟ್ಟ ಕೆಡುತ್ತಿತ್ತು. ಅದರ ನಡುವೆಯೇ ಅವನು ಹಳೆಯ ಗಡಿಗೂಟಗಳು ಮರಳಿನಡಿ ಎಲ್ಲಿವೆ ಎಂದು ಕಾಲಿನಿಂದ ತಡವಿ ಹುಡುಕುತ್ತಿದ್ದ, ಒಂಟೆ ಮೇಯಿಸುವವರೊಂದಿಗೆ ಅರಬ್ಬಿಯಲ್ಲಿ ಮಾತಾಡಿ ದಾರಿ ಬಿಡಿಸುತ್ತಿದ್ದ, ಗಾಳಿ ಏಳುವ ಮೊದಲೇ "ಯಲ್ಲಾ, ಮುಚ್ಚಿ" ಎನ್ನುತ್ತಿದ್ದ. ಅವನು ಇಲ್ಲದಿದ್ದರೆ ಆಮಿರ್ ಆ ಯಂತ್ರದೊಂದಿಗೆ ಬರೀ ನಿಂತಿರಬೇಕಾಗಿತ್ತು.

ಊಟಕ್ಕೆ ಕೂತಾಗ ಆಮಿರ್ ನೆಲಕ್ಕೆ ಹಾಸಿದ ಕಾಗದಗಳನ್ನು ಜಲೀಲರು ಗುರುತಿಸಿದರು. ಅವರ ಕಳೆದ ತಿಂಗಳ ಪ್ಲಾನ್.

"ಬೇಸರ ಮಾಡಬೇಡಿ ಸರ್, ಪೇಪರ್ ದಪ್ಪ ಇದೆ, ಎಣ್ಣೆ ಇಳಿಯುವುದಿಲ್ಲ" ಎಂದ ಆಮಿರ್.

"ಹಾಗಾದರೆ ಕೆಲಸ ಯಾವ ಪ್ಲಾನಿನಲ್ಲಿ ನಡೀತದೆ?"

"ಅತೀಕ್ ಭಾಯ್ ಹೇಳಿದ ಹಾಗೆ. ಬೆಳಿಗ್ಗೆ ಚಾ ಕುಡಿಯುವಾಗ ಹೇಳ್ತಾರೆ, ಇವತ್ತು ಎಲ್ಲಿ, ಯಾರು, ಎಷ್ಟು ಹೊತ್ತು ಅಂತ. ಎಲ್ಲ ಮುಗಿದ ಮೇಲೆ ರಿಪೋರ್ಟಿನಲ್ಲಿ ಮಾತ್ರ ನಿಮ್ಮ ಪ್ಲಾನಿನ ಹಾಗೇ ಆಯ್ತು ಅಂತ ಬರೀತೇವೆ."

"ಯಾಕೆ?"

ಆಮಿರ್ ತಲೆ ಕೆರೆದುಕೊಂಡ. "ನಿಮಗೆ ನೋವಾಗಬಾರದು ಅಂತ ಸರ್. ಅತೀಕ್ ಭಾಯ್ ಹೇಳಿದ್ದು, ಸಾಬ್ ಒಳ್ಳೆ ಮನುಷ್ಯ, ಪಾಪ, ಕಷ್ಟಪಟ್ಟು ಮಾಡ್ತಾರೆ ಅಂತ."

ಜಲೀಲರ ಮೇಜಿನ ಹಿಂದಿನ ಗೋಡೆಯಲ್ಲಿ ಏಳು ಪ್ರಶಸ್ತಿಪತ್ರಗಳಿದ್ದವು, ಕೆಲಸ ಪ್ಲಾನಿನಂತೆ ನೂರಕ್ಕೆ ನೂರು ನಡೆದದ್ದಕ್ಕೆ. ಅವನ್ನು ನೆನೆದು ಅವರಿಗೆ ನಗು ಬಂತು, ಜೋರಾಗಿಯೇ ನಕ್ಕರು. ಅನ್ನದ ತುತ್ತು ನೆತ್ತಿಗೆ ಹತ್ತಿತು. ಕೆಮ್ಮಿ ಕಣ್ಣೊರೆಸಿಕೊಳ್ಳುವಾಗ ಅದರಲ್ಲಿ ಸ್ವಲ್ಪ ಅಳುವೂ ಇತ್ತು. ಕೆಲಸಕ್ಕೆ ಬಾರದವನಾಗಿಯೂ ಇಷ್ಟು ವರ್ಷ ಮರ್ಯಾದೆಯಿಂದ ಬದುಕಿದೆನಲ್ಲ, ಈ ಜನ ಬದುಕಿಸಿದರಲ್ಲ ಎಂದು.

ಬುಧವಾರ ಅವರು ಪಟ್ಟಿಯಲ್ಲಿ ಅತೀಕನ ಹುದ್ದೆಯ ಹೆಸರನ್ನು "ಮಾರ್ಗ ಪರಿಣತ" ಎಂದು ಬದಲಿಸಿ ಸಾದ್‌ಗೆ ಫೋನ್ ಮಾಡಿದರು. ಆ ಮನುಷ್ಯ ಮಾಡುವ ಕೆಲಸವನ್ನೆಲ್ಲ ಹೇಳಿದರು, ತಮ್ಮ ಶೂ ಕಳೆದದ್ದನ್ನು ಬಿಟ್ಟು. ಸಾದ್ ಶಾಂತವಾಗಿ ಕೇಳಿಸಿಕೊಂಡ. "ಸರಿ, ಅವನನ್ನು ಇಟ್ಟುಕೊಳ್ಳಿ. ಆದರೆ ಒಂದು ಹುದ್ದೆ ಹೋಗಲೇಬೇಕು. ಯಾರದೆಂದು ನೀವೇ ಹೇಳಿ" ಎಂದ.

ಜಲೀಲರು ಶಾಖೆಯ ಒಂಬತ್ತು ಹೆಸರುಗಳನ್ನೂ ಒಂದೊಂದಾಗಿ ತೆಗೆದುಕೊಂಡು ಆ ಕೊನೆಯ ಪ್ರಶ್ನೆ ಕೇಳಿದರು. ಡ್ರೈವರ್ ಹೋದರೆ ಗಾಡಿ ನಿಲ್ಲುತ್ತದೆ. ಆಮಿರ್ ಹೋದರೆ ಯಂತ್ರ ನಿಲ್ಲುತ್ತದೆ. ಎಂಟು ಹೆಸರಿಗೂ ಏನಾದರೊಂದು ನಿಲ್ಲುತ್ತಿತ್ತು. ಒಂಬತ್ತನೆಯದಕ್ಕೆ ಬಂದು, ಅದನ್ನು ದಾಟಿ, ಮತ್ತೆ ಮೊದಲಿನಿಂದ ಶುರುಮಾಡಿದರು. ಮೂರು ಸಲ ಹೀಗಾಯಿತು.

ಸಂಜೆ ಮನೆಯಲ್ಲಿ ಹೆಂಡತಿ ಆಸ್ಯಮ್ಮನಿಗೆ ವಿಷಯ ಹೇಳಿದರು. ಮೀನು ಹುರಿಯುತ್ತಿದ್ದ ಆಕೆ ಒಲೆ ಸಣ್ಣ ಮಾಡಿದರು.

"ಆ ಅತೀಕನ ಮೇಲೆ ಕನಿಕರಕ್ಕೆ ಹೀಗೆ ಮಾಡುದಾ? ಅಲ್ಲ, ನಿಜವಾಗಿಯೂ ನಿಮ್ಮಿಂದ ಅಲ್ಲಿ ಕೆಲಸ ಎಂತ ಇಲ್ವಾ?"

"ಎರಡೂ" ಎಂದರು ಜಲೀಲರು. "ಮಗ ಆಶಿಕ್ ದುಡೀತಾನೆ, ನಮಗೆ ಊರಲ್ಲಿ ಮನೆ ಉಂಟು. ಅವನಿಗೆ ಎಂತ ಉಂಟು?"

"ಊರಿಗೆ ಹೋಗಿ ಎಂತ ಮಾಡ್ತೀರಿ?"

"ಪ್ಲಾನ್ ಮಾಡ್ಬೇಕು."

"ಅಯ್ಯೋ, ಅದೊಂದು ಬೇಡ ಮಾರಾಯ್ರೆ" ಎಂದು ಆಸ್ಯಮ್ಮ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, ಅವರ ತಟ್ಟೆಗೆ ದೊಡ್ಡ ತುಂಡು ಹಾಕಿದರು.

ಗುರುವಾರ ಬೆಳಿಗ್ಗೆ ಜಲೀಲರು ಫಾರ್ಮಿನಲ್ಲಿ ತಮ್ಮ ಹೆಸರು ತುಂಬಿದರು. ಹೋದರೆ ಯಾವ ಕೆಲಸ ನಿಲ್ಲುತ್ತದೆ ಎಂಬಲ್ಲಿ "ಯಾವುದೂ ಇಲ್ಲ" ಎಂದು ಬರೆದರು. ಕಳುಹಿಸಿದ ಮೇಲೆ ಕಾಯತೊಡಗಿದರು. ಸಾದ್ ಈಗ ಫೋನ್ ಮಾಡುತ್ತಾನೆ, ಹತ್ತೊಂಬತ್ತು ವರ್ಷದ ಅನುಭವ, ನೀವಿಲ್ಲದೆ ಹೇಗೆ, ಇನ್ನೊಮ್ಮೆ ಯೋಚಿಸಿ ಎನ್ನುತ್ತಾನೆ ಎಂದುಕೊಂಡು ಫೋನನ್ನು ಹತ್ತಿರ ಇಟ್ಟುಕೊಂಡರು. ಒಪ್ಪಬಾರದು, ಆದರೆ ಕೂಡಲೇ ನಿರಾಕರಿಸಲೂಬಾರದು, ಸ್ವಲ್ಪ ಹೊತ್ತು ಕೇಳಿಸಿಕೊಳ್ಳಬೇಕು ಎಂದೂ ತೀರ್ಮಾನಿಸಿದರು.

ಫೋನ್ ಬರಲಿಲ್ಲ. ನಾಲ್ಕು ನಿಮಿಷಕ್ಕೆ ಇಮೇಲ್ ಬಂತು. "ಒಪ್ಪಿಗೆ. ಚೆನ್ನಾಗಿ ಯೋಚಿಸಿದ್ದೀರಿ." ಅಷ್ಟೇ. ಜಲೀಲರು ಅದನ್ನು ಎರಡು ಸಲ ಓದಿದರು. ಹತ್ತೊಂಬತ್ತು ವರ್ಷಗಳಲ್ಲಿ ಅವರ ಯಾವ ಪ್ಲಾನೂ ಇಷ್ಟು ಬೇಗ, ಒಂದೇ ಒಂದು ತಿದ್ದುಪಡಿಯೂ ಇಲ್ಲದೆ, ಪಾಸಾಗಿರಲಿಲ್ಲ.